ಕಲ್ಲನ್ನು ಹೊತ್ತವರು, ಕಲ್ಲನ್ನು ಕೊಂಡವರು

ಸಾಸ್ವೆಹಳ್ಳಿ ಕಡೆಯ ಒಂದು ವೀರಗಲ್ಲನ್ನು ನಾನು ನೋಡಿದ್ದು ಸಾಸ್ವೆಹಳ್ಳಿಯಲ್ಲಲ್ಲ. ಪಟ್ಟಣದ ಒಬ್ಬ ಅನುಕೂಲಸ್ಥರ ಮನೆಯ ಹೂದೋಟದಲ್ಲಿ. ಸುತ್ತಲೂ ಕ್ರೋಟನ್ ಗಿಡಗಳು, ಬುಡದಲ್ಲಿ ಒಂದು ಪುಟ್ಟ ವಿದ್ಯುದ್ದೀಪ. ಸಂಜೆ ಆ ದೀಪ ಹಾಕಿದರೆ ಕಲ್ಲಿನ ಮೇಲಿನ ಕುದುರೆ ಜೀವ ತಳೆದಂತೆ ಕಾಣುತ್ತಿತ್ತು. ಮನೆಯ ಯಜಮಾನರು ರಸಿಕರು. ಕಲೆಯಲ್ಲಿ ನಿಜವಾದ ಪ್ರೀತಿಯುಳ್ಳವರು. "ಇದು ಯಾವ ಊರಿನದು ಸ್ವಾಮಿ?" ಎಂದು ಕೇಳಿದೆ. "ಹೊನ್ನಾಳಿ ತಾಲ್ಲೂಕು, ಸಾಸ್ವೆಹಳ್ಳಿ ಕಡೆಯದಂತೆ. ತಂದುಕೊಟ್ಟವನು ಊರಿನ ಹೆಸರನ್ನೇನೋ ಹೇಳಿದ್ದ, ಈಗ ನೆನಪಿಲ್ಲ" ಎಂದರು. ಕಲ್ಲಿನ ತಳಭಾಗದಲ್ಲಿ ಅಕ್ಷರಗಳ ಪಟ್ಟಿಯೊಂದು ಇದ್ದ ಹಾಗಿತ್ತು. ಮೊದಲ ಸಾಲಿನ ತಲೆಕಟ್ಟುಗಳು ಮಾತ್ರ ಕಾಣುತ್ತಿದ್ದುವು; ಉಳಿದದ್ದೆಲ್ಲ ಸಿಮೆಂಟಿನೊಳಗೆ ಹೂತುಹೋಗಿತ್ತು.

ವೀರಗಲ್ಲು ನಮ್ಮ ಸೀಮೆಯವರಿಗೆ ಹೊಸತಲ್ಲ. ಕೆರೆಯ ಏರಿಯ ಮೇಲೆ, ಊರ ಮುಂದಿನ ಆಲದ ಬುಡದಲ್ಲಿ, ಹಾಳು ದೇವಾಲಯದ ಬೇಲಿಯ ಮಗ್ಗುಲಲ್ಲಿ ಅವನ್ನು ನೀವು ನೋಡಿಯೇ ಇರುತ್ತೀರಿ. ಕೆಳಗಿನ ಅಂಕಣದಲ್ಲಿ ಕಾಳಗ. ನಡುವೆ ಮಡಿದವನನ್ನು ಅಪ್ಸರೆಯರು ತೋಳು ಹಿಡಿದು ಒಯ್ಯುವ ನೋಟ. ಮೇಲೆ ಲಿಂಗದೆದುರು ಅವನು ಕುಳಿತಿರುವ ಶಿವಲೋಕ. ನಡುನಡುವಿನ ಪಟ್ಟಿಗಳಲ್ಲಿ ಅವನ ಹೆಸರು, ಅವನು ಯಾವ ಊರಿನ ತುರುಗಳನ್ನು ಬಿಡಿಸುವಾಗ ಬಿದ್ದನು, ಆಗ ಆಳುತ್ತಿದ್ದ ಅರಸು ಯಾರು ಎಂಬ ಬರಹ. ಕಲ್ಲಿಗೆ ಅರ್ಥ ಬರುವುದು ಈ ಬರಹದಿಂದ, ಮತ್ತು ಕಲ್ಲು ನಿಂತ ನೆಲದಿಂದ. 1902ರಲ್ಲಿ ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟವನ್ನು ಹೊರತಂದಾಗ, ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನೆಲ್ಲ ಊರೂರಿನ ಹೆಸರಿನ ಕೆಳಗೆ, ಕಲ್ಲು ಎಲ್ಲಿದೆಯೆಂಬ ಗುರುತಿನ ಸಮೇತ ಅಚ್ಚು ಹಾಕಿಸಿದರು. ಅಂದರೆ ಆ ಕಲ್ಲುಗಳಿಗೆ ವಿಳಾಸವಿತ್ತು. ಹೂದೋಟದ ಕಲ್ಲಿಗೆ ಅದು ತಪ್ಪಿಹೋಗಿತ್ತು.

ಹಣವಂತರು ಶಿಲ್ಪಗಳನ್ನು ಕೂಡಿಹಾಕುವುದು, ಕೂಡಿಹಾಕಿ ನಾಲ್ಕು ಜನಕ್ಕೆ ತೋರಿಸುವುದು ನಮ್ಮಲ್ಲಿ ಎಂದು ಮೊದಲಾಯಿತು? ಈ ಪ್ರಶ್ನೆ ಅಂದು ತಲೆಗೆ ಹೊಕ್ಕಿತು. ಅದನ್ನು ಹಿಂಬಾಲಿಸಿ ಹೋದಾಗ ಕಂಡದ್ದರಲ್ಲಿ ಕೆಲವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ಮಾತು. ಹಳೆಯ ಕರ್ನಾಟಕದ ಸಿರಿವಂತನು ಶಿಲ್ಪವನ್ನು ಮನೆಯಲ್ಲಿಟ್ಟುಕೊಳ್ಳುತ್ತಿರಲಿಲ್ಲ, ಊರಿಗೆ ಕೊಡುತ್ತಿದ್ದನು. ಹೊನ್ನಾಳಿಯಿಂದ ಹೊಳೆಯ ಗುಂಟ ಕೆಳಕ್ಕೆ ಹೋದರೆ ಹರಿಹರ. ಅಲ್ಲಿಯ ಹರಿಹರೇಶ್ವರನ ಗುಡಿಯನ್ನು ಕ್ರಿ. ಶ. 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥ ಪೊಲಾಳ್ವ. 1268ರಲ್ಲಿ ಅದಕ್ಕೆ ಹೆಬ್ಬಾಗಿಲು ಎತ್ತಿಸಿದವನು ಸೋಮ ದಂಡನಾಯಕ, ಸೋಮನಾಥಪುರವನ್ನು ಕಟ್ಟಿಸಿದ ಅದೇ ಸೋಮ. ಇವರ ಐಶ್ವರ್ಯಕ್ಕೆ ಪ್ರದರ್ಶನ ಬೇಡವಾಗಿತ್ತೆಂದಲ್ಲ. ಬೇಕಾಗಿತ್ತು, ಚೆನ್ನಾಗಿಯೇ ಬೇಕಾಗಿತ್ತು! ತಮ್ಮ ಹೆಸರು, ವಂಶ, ಬಿರುದುಗಳನ್ನು ಸಾಲುಸಾಲಾಗಿ ಕೆತ್ತಿಸಿ ಗುಡಿಯಲ್ಲಿ ನಿಲ್ಲಿಸಿದರು. ಆದರೆ ನೋಡುವವನಿಗೆ ದಂಡನಾಯಕರ ಮನೆಯ ಅಪ್ಪಣೆ ಬೇಕಿರಲಿಲ್ಲ. ಹೊನ್ನಾಳಿಯ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ಬನವಾಸಿ ನಾಡನ್ನಾಳುತ್ತಿದ್ದ ಚಾಮುಂಡರಾಯರಸನು ನಿಲ್ಲಿಸಿದ ಭೇರುಂಡ ಸ್ತಂಭ ಬಯಲಿನಲ್ಲಿಯೇ ನಿಂತಿತು. ದಾರಿಹೋಕನೂ ನೋಡಿದನು, ದನಗಾಹಿಯೂ ನೋಡಿದನು.

ಅದೇ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿಗೆ ಹೋಗಿ, 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಗುಡಿಗೆ ಮದನಿಕೆಯರನ್ನು ಕಡೆದರು, ಪೀಠದಲ್ಲಿ ತಮ್ಮ ಹೆಸರನ್ನೂ ಊರನ್ನೂ ಬರೆದರು. ಅರಸನ ಹಣದಲ್ಲಿ ಮಾಡಿದ ಕೆಲಸಕ್ಕೆ ಕೂಲಿಯವನು ರುಜು ಹಾಕುವುದು ಜಗತ್ತಿನ ಎಷ್ಟು ಕಡೆ ನಡೆದೀತು? ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ನಮ್ಮ ಸೀಮೆಯ ಮಗ್ಗುಲಿನ ಒಂದು ಊರಿನ ಹೆಸರು ಒಂಬತ್ತು ನೂರು ವರ್ಷಗಳಿಂದ ಬೇಲೂರಿನ ಗೋಡೆಯ ಮೇಲಿದೆ.

ಇದು ಕೊಟ್ಟವರ ಕಥೆ. ಹೊತ್ತುಕೊಂಡು ಹೋದವರ ಕಥೆ ಬೇರೆಯೇ ಇದೆ, ಅದೂ ಅಷ್ಟೇ ಹಳೆಯದು.

ತಂಜಾವೂರಿನ ಅರಮನೆಯ ಕಲಾಶಾಲೆಗೆ ಹೋದವರು ಅಲ್ಲಿ ಒಂದು ದ್ವಾರಪಾಲಕನ ವಿಗ್ರಹವನ್ನು ಕಂಡಿರಬಹುದು. ಚೋಳ ದೇಶದ ದ್ವಾರಪಾಲಕರ ನಡುವೆ ಅದು ನೆಂಟರ ಮನೆಗೆ ಬಂದ ಪರಸ್ಥಳದವನಂತೆ ಕಾಣುತ್ತದೆ. ಕಲ್ಲೂ ಬೇರೆ, ಕೆತ್ತನೆಯ ಕೈಯೂ ಬೇರೆ. ಅದರ ಪೀಠದ ಮೇಲೆ ತಮಿಳಿನಲ್ಲಿ ಒಂದು ಸಾಲು ಇದೆ: ವಿಜಯರಾಜೇಂದ್ರ ದೇವನು ಕಲ್ಯಾಣಪುರವನ್ನು ಸುಟ್ಟು ತಂದ ದ್ವಾರಪಾಲಕ ಇದು ಎಂದು ಅದರ ತಾತ್ಪರ್ಯ. ವಿಜಯರಾಜೇಂದ್ರನೆಂದರೆ ಚೋಳ ರಾಜಾಧಿರಾಜ. ಕಲ್ಯಾಣಪುರವೆಂದರೆ ನಮ್ಮ ಚಾಲುಕ್ಯರ ರಾಜಧಾನಿ, ಇಂದಿನ ಬಸವಕಲ್ಯಾಣ. ಹನ್ನೊಂದನೆಯ ಶತಮಾನದ ನಡುಗಾಲದಲ್ಲಿ ನಡೆದ ದಂಡಯಾತ್ರೆ ಅದು. ಅಷ್ಟು ದೂರದಿಂದ ಆಳೆತ್ತರದ ಕಲ್ಲನ್ನು ಗಾಡಿಯ ಮೇಲೋ ಆನೆಯ ಬೆನ್ನಿನ ಮೇಲೋ ತುಂಗಭದ್ರೆ, ಪೆನ್ನಾರು, ಪಾಲಾರುಗಳನ್ನು ದಾಟಿಸಿ ಕಾವೇರಿಯ ತೀರಕ್ಕೆ ತಂದವರ ಛಲವನ್ನು ನೆನೆದರೆ ಕೋಪಕ್ಕಿಂತ ಮೊದಲು ಬೆರಗಾಗುತ್ತದೆ. ತಂದವನಿಗೂ ಅದು ಸುಖ ಕೊಡಲಿಲ್ಲ. 1054ರಲ್ಲಿ ಕೊಪ್ಪಂ ಎಂಬಲ್ಲಿ ಚಾಲುಕ್ಯ ಆಹವಮಲ್ಲ ಸೋಮೇಶ್ವರನೊಡನೆ ಕಾದುತ್ತ ಆನೆಯ ಮೇಲೆಯೇ ರಾಜಾಧಿರಾಜ ಸತ್ತನು. ದ್ವಾರಪಾಲಕ ಮಾತ್ರ ಅಲ್ಲೇ ಉಳಿದ. ಮುಂದೆ ಒಂದು ಶತಮಾನದ ಮೇಲೆ ಕಟ್ಟಿದ ದಾರಾಸುರದ ಗುಡಿಯಲ್ಲಿ ನಿಂತ. ನಮ್ಮ ಕಾಲದಲ್ಲಿ ತಂಜಾವೂರಿಗೆ ಬಂದ.

ಚೋಳರು ತಂದದ್ದು ಅದೊಂದೇ ಅಲ್ಲ. ತಿರುವೈಯಾರಿನ ಗುಡಿಯಲ್ಲಿ ನೊಳಂಬರ ಕೈಕೆಲಸದ ಕಂಬಗಳಿವೆ, ನುಣುಪಾದ ಕರಿಯ ಕಲ್ಲಿನವು. ನೊಳಂಬವಾಡಿ ಎಂದರೆ ನಮ್ಮ ನೆರೆಯೇ. ಉಚ್ಚಂಗಿದುರ್ಗ ಆ ನಾಡಿನ ಕೋಟೆ. ಜಗಳೂರು, ಚಿತ್ರದುರ್ಗದ ಕಡೆಯ ಸೀಮೆಯೆಲ್ಲ ಅದರ ಹೆಸರಿನಲ್ಲಿ ನಡೆಯಿತು. ನಮ್ಮ ಕಡೆಯ ಒಬ್ಬ ಯಾತ್ರಿಕ ತಿರುವೈಯಾರಿಗೆ ತ್ಯಾಗರಾಜರ ಆರಾಧನೆಗೆಂದು ಹೋದವನು ಆ ಕಂಬಕ್ಕೆ ಒರಗಿ ಕುಳಿತರೆ ತನ್ನ ನೆರೆಯೂರಿನ ಕಲ್ಲಿಗೇ ಒರಗಿದಂತಾಯಿತು.

ಈ ರೀತಿ ತರುವುದನ್ನು ನಮ್ಮವರೂ ಮಾಡದೆ ಬಿಟ್ಟವರಲ್ಲ. ಕೃಷ್ಣದೇವರಾಯನು ಗಜಪತಿಯಿಂದ ಉದಯಗಿರಿಯನ್ನು ಗೆದ್ದಾಗ ಅಲ್ಲಿಯ ಬಾಲಕೃಷ್ಣನ ಮೂರ್ತಿಯನ್ನು ವಿಜಯನಗರಕ್ಕೆ ತಂದು, ಅದಕ್ಕಾಗಿಯೇ ಕೃಷ್ಣನ ಗುಡಿಯೊಂದನ್ನು ಕಟ್ಟಿಸಿ 1515ರಲ್ಲಿ ಪ್ರತಿಷ್ಠೆ ಮಾಡಿಸಿದ. ಮೂರ್ತಿ ಎಲ್ಲಿಂದ ಬಂತೆಂಬುದನ್ನು ಗುಡಿಯ ಶಾಸನವೇ ಹೇಳುತ್ತದೆ. ಆ ಬಾಲಕೃಷ್ಣ ಈಗ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದ್ದಾನೆ. ಹಂಪಿಯ ಗುಡಿಯ ಗರ್ಭಗೃಹ ಬರಿದಾಗಿದೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ಊರನ್ನು ಸುಟ್ಟವನು, ಕೋಟೆಯನ್ನು ಮುರಿದವನು, ತಂದ ಕಲ್ಲಿನ ಊರಿನ ಹೆಸರನ್ನು ಬರೆದಿಟ್ಟ. ಏಕೆ? ಕಲ್ಯಾಣದ ಹೆಸರು ಅಳಿಸಿದರೆ ಅವನ ಗೆಲುವೂ ಅಳಿಸಿಹೋಗುತ್ತಿತ್ತು. ಅವನ ಉದ್ದೇಶ ಒಳ್ಳೆಯದಲ್ಲ; ಆದರೆ ಅವನ ಜಂಬದ ದೆಸೆಯಿಂದ ಒಂಬೈನೂರು ವರ್ಷಗಳ ಮೇಲೂ ಆ ದ್ವಾರಪಾಲಕ ಯಾರ ಮನೆಯವನೆಂದು ನಮಗೆ ತಿಳಿಯುತ್ತದೆ.

ಮನೆಯೊಳಗೆ ಕೂಡಿಹಾಕುವ ಚಟಕ್ಕೆ ಹೆಸರಾದವರು ರೋಮನರು. ಸಿಸಿಲಿ ದ್ವೀಪದ ಅಧಿಕಾರಿಯಾಗಿದ್ದ ವೆರ್ರೆಸ್ ಎಂಬುವನು ಅಲ್ಲಿಯ ಗುಡಿಗಳ, ಗೃಹಸ್ಥರ ವಿಗ್ರಹಗಳನ್ನು ಬಿಡದೆ ಬಾಚಿಕೊಂಡ. ಕ್ರಿ. ಪೂ. 70ರಲ್ಲಿ ಸಿಸಿರೋ ಎಂಬ ಪ್ರಖ್ಯಾತ ವಾಗ್ಮಿ ನ್ಯಾಯಾಸ್ಥಾನದಲ್ಲಿ ಅವನ ಮೇಲೆ ಆಪಾದನೆ ಹೊರಿಸಿದಾಗ ತೀರ್ಪಿಗೂ ಕಾಯದೆ ಊರು ಬಿಟ್ಟ. ವಿಗ್ರಹಗಳನ್ನು ಮಾತ್ರ ಬಿಡಲಿಲ್ಲ. ಕಡೆಗೆ ಆಂಟನಿ ಕೇಳಿದ ಕಂಚಿನ ಪದಾರ್ಥಗಳನ್ನು ಕೊಡಲೊಲ್ಲದೆ ಪ್ರಾಣವನ್ನೇ ಕಳೆದುಕೊಂಡನೆಂದು ಪ್ಲಿನಿ ಬರೆದಿಟ್ಟಿದ್ದಾನೆ. ಕಲಾಪ್ರೇಮ ಎಂಬುದು ಇಷ್ಟು ದೂರ ಒಯ್ದೀತು.

ನಮ್ಮ ಅರಸರಿಗೆ ಈ ಚಟ ಹತ್ತಿದ್ದು ಬಹಳ ತಡವಾಗಿ. ತಮ್ಮ ಪ್ರತಿಮೆಯನ್ನು ಮಾಡಿಸಿದರೂ ಗುಡಿಯಲ್ಲಿ ಕೈಮುಗಿದು ನಿಂತ ಭಕ್ತನಾಗಿಯೇ ಮಾಡಿಸಿದರು. ತಿರುಪತಿಯ ಬೆಟ್ಟದ ಮೇಲೆ ಕೃಷ್ಣದೇವರಾಯ ಇಬ್ಬರು ರಾಣಿಯರೊಡನೆ ಹಾಗೆ ನಿಂತಿದ್ದಾನೆ. ನಂಜನಗೂಡಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿಯರ ಸಮೇತ ಹಾಗೆಯೇ ನಿಂತಿದ್ದಾರೆ. ಯಾರು ಯಾರೆಂದು ಪೀಠದ ಮೇಲೆ ಹೆಸರು ಬರೆಸಿದ್ದಾರೆ. ಮೈಸೂರು ಅರಮನೆಯ ಆವರಣದ ಪ್ರಸನ್ನಕೃಷ್ಣಸ್ವಾಮಿ ಗುಡಿಯಲ್ಲಿ ಮುಮ್ಮಡಿಯವರು ಇರಿಸಿದ ಲೋಹವಿಗ್ರಹಗಳ ಸಾಲನ್ನು ನೋಡಿದರೆ ಇದೊಂದು ಸಂಗ್ರಹವೇ ಸರಿ ಎನ್ನಿಸುತ್ತದೆ. ಆದರೂ ಅವುಗಳಿಗೆ ಪೂಜೆ ಉಂಟು, ನೈವೇದ್ಯ ಉಂಟು.

ಪೂಜೆಯಿಲ್ಲದೆ, ನೋಡುವುದಕ್ಕಾಗಿಯೇ ಮೂರ್ತಿಗಳನ್ನು ಕೂಡಿಸುವುದನ್ನು ನಮ್ಮ ದೇಶದಲ್ಲಿ ದೊಡ್ಡದಾಗಿ ನಡೆಸಿದವರಲ್ಲಿ ಕಂಪೆನಿ ಸರ್ಕಾರದ ಸೇನಾಧಿಕಾರಿ ಚಾರ್ಲ್ಸ್ ಸ್ಟುಅರ್ಟ್ ಒಬ್ಬರು. ಜನ ಇವರನ್ನು 'ಹಿಂದೂ ಸ್ಟುಅರ್ಟ್' ಎಂದೇ ಕರೆಯುತ್ತಿದ್ದರು. ಕಲ್ಕತ್ತೆಯ ಅವರ ಮನೆ ಒರಿಸ್ಸಾ, ಬಿಹಾರ, ಬಂಗಾಳಗಳಿಂದ ತಂದ ಮೂರ್ತಿಗಳಿಂದ ತುಂಬಿತ್ತು. 1828ರಲ್ಲಿ ಅವರು ತೀರಿಕೊಂಡ ಮೇಲೆ ಸಂಗ್ರಹ ಲಂಡನ್ನಿಗೆ ಹೋಗಿ ಹರಾಜಾಯಿತು. ಬಹುಪಾಲನ್ನು ಕೊಂಡವನು ಜಾನ್ ಬ್ರಿಜ್ ಎಂಬ ಒಡವೆ ವ್ಯಾಪಾರಿ. 1872ರಲ್ಲಿ ಅವನ ಮನೆತನದವರು ಅದನ್ನು ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟರು. ಅಲ್ಲಿಯ ಭಾರತೀಯ ಶಿಲ್ಪಗಳಿಗೆ ಇದೇ ಬುನಾದಿ.

ಸ್ಟುಅರ್ಟ್ ಸಾಹೇಬರು ಭುವನೇಶ್ವರದಿಂದ ಎರಡು ಶಾಸನಫಲಕಗಳನ್ನೂ ಕಿತ್ತು ತಂದಿದ್ದರು. ಅಲ್ಲಿಯ ಪೂಜಾರಿಗಳು ಇದನ್ನು ಮರೆಯಲಿಲ್ಲ. 1830ರ ದಶಕದಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯವರು ಒಳ್ಳೆಯ ಮನಸ್ಸಿನಿಂದ ಫಲಕಗಳನ್ನು ಹಿಂದಕ್ಕೆ ಕಳುಹಿಸಿದರು. ಆದರೆ ಯಾವುದು ಯಾವ ಗುಡಿಯದೆಂಬ ಗುರುತು ಆ ವೇಳೆಗೆ ತಪ್ಪಿತ್ತು. ಮೇಘೇಶ್ವರ ದೇವಾಲಯದ ಕಥೆ ಹೇಳುವ ಫಲಕವನ್ನು ಅನಂತವಾಸುದೇವ ದೇವಾಲಯದ ಗೋಡೆಗೆ ಕೂರಿಸಿಬಿಟ್ಟರು. ಕಲ್ಲು ಊರಿಗೇನೋ ಬಂತು, ಮನೆಗೆ ಬರಲಿಲ್ಲ.

ಬೆಂಗಳೂರಿನಲ್ಲಿ 1865ರಲ್ಲಿ ಕಮಿಷನರ್ ಬೌರಿಂಗ್ ಅವರ ಕಾಲದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಶುರುವಾಯಿತು. 1877ರಿಂದ ಅದು ಈಗಿನ ಕೆಂಪು ಕಟ್ಟಡದಲ್ಲಿದೆ. ಹಳೇಬೀಡಿನ ಮೂರ್ತಿಗಳು ಅಲ್ಲಿಗೆ ಬಂದುವು. ಆತಕೂರಿನ ಕಲ್ಲೂ ಬಂತು. ಕ್ರಿ. ಶ. 949ರ ಆ ಕಲ್ಲಿನ ಮೇಲೆ ನಾಯಿಯೊಂದು ಹಂದಿಯೊಡನೆ ಹೋರಾಡುತ್ತಿದೆ. ಮಣಲೇರನ ನಾಯಿ 'ಕಾಳಿ' ಹಂದಿಯನ್ನು ಕೊಂದು ತಾನೂ ಸತ್ತದ್ದಕ್ಕಾಗಿ ನಿಲ್ಲಿಸಿದ ಕಲ್ಲು. ಜೊತೆಗೆ ರಾಷ್ಟ್ರಕೂಟ ಕೃಷ್ಣನೂ ಗಂಗ ಬೂತುಗನೂ ಚೋಳರನ್ನು ಗೆದ್ದ ತಕ್ಕೋಲದ ಯುದ್ಧದ ಸುದ್ದಿಯೂ ಅದರಲ್ಲಿದೆ. ಕಲ್ಲು ಮಂಡ್ಯದ ಕಡೆಯ ಆತಕೂರನ್ನು ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಎಲ್ಲರೂ ಅದನ್ನು ಆತಕೂರಿನ ಕಲ್ಲೆಂದೇ ಕರೆಯುತ್ತಾರೆ. ಹೆಸರಿನ ಚೀಟಿ ಕಲ್ಲಿನ ಜೊತೆಗೇ ಪ್ರಯಾಣ ಮಾಡಿದ್ದರಿಂದ ಒಂದು ನಾಯಿಯ ಸ್ವಾಮಿಭಕ್ತಿ, ಒಂದು ಊರಿನ ಹೆಸರು, ಒಂದು ಮಹಾಯುದ್ಧದ ಚರಿತ್ರೆ ಮೂರೂ ಉಳಿದುವು.

ಆ ಹೊತ್ತಿಗೆ ನಮ್ಮ ರಾಜರ, ನವಾಬರ ಕಣ್ಣು ಸೀಮೆಯ ಶಿಲ್ಪದ ಮೇಲೆ ಹೊರಳಿತ್ತು. ಚಾಮರಾಜೇಂದ್ರ ಒಡೆಯರ ಅಶ್ವಾರೋಹಿ ಪ್ರತಿಮೆಯನ್ನು ಮಾಡಿದವರು ಇಂಗ್ಲೆಂಡಿನ ಆನ್ಸ್‌ಲೋ ಫೋರ್ಡ್. ಬೆಂಗಳೂರಿನ ಲಾಲ್‌ಬಾಗಿನಲ್ಲಿ ನೀವು ಅದನ್ನು ನೋಡಿರುತ್ತೀರಿ. ಮೈಸೂರಿನ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ, ಹೊಸದು 1912ರಲ್ಲಿ ಮುಗಿಯಿತು. ಅದರ ಅಂಗಳದ ಕಂಚಿನ ಹುಲಿಗಳನ್ನು 1909ರಲ್ಲಿ ಎರಕ ಹೊಯ್ಯಿಸಿದವರು ಕೋಲ್ಟನ್ ಎಂಬ ಇಂಗ್ಲಿಷ್ ಶಿಲ್ಪಿ. ಹುಲಿ ನಮ್ಮದು, ಕೈ ಅವರದು! ಹೈದರಾಬಾದಿನ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗ್ 1876ರಲ್ಲಿ ರೋಮಿನಿಂದ ಬೆಂಜೋನಿ ಕೆತ್ತಿದ 'ಮುಸುಕಿನ ರೆಬೆಕ್ಕಾ'ಳನ್ನು ಕೊಂಡು ತಂದರು. ಅಮೃತಶಿಲೆಯ ಮುಸುಕಿನೊಳಗಿಂದ ಮುಖ ಕಾಣುವಂತೆ ಕೆತ್ತಿದ ಆ ಚಮತ್ಕಾರವನ್ನು ನೋಡಲು ಇಂದಿಗೂ ಜನ ಮುಗಿಬೀಳುತ್ತಾರೆ. ಅವರ ಮೊಮ್ಮಗ ಮೂರನೆಯ ಸಾಲಾರ್ ಜಂಗ್ ತಮ್ಮ ಐಶ್ವರ್ಯವನ್ನೆಲ್ಲ ಸಂಗ್ರಹಕ್ಕೇ ಸುರಿದರು. 1949ರಲ್ಲಿ ಅವರು ತೀರಿಕೊಂಡ ಮೇಲೆ, 1951ರಲ್ಲಿ ಅದು ಸಾರ್ವಜನಿಕರಿಗೆ ತೆರೆದ ಪ್ರದರ್ಶನಾಲಯವಾಯಿತು. ನಾನು ಅಲ್ಲಿ ನಿಂತಾಗ ಬೇರೊಂದು ಯೋಚನೆ ಬಂತು. ಬಸವಕಲ್ಯಾಣ 1956ರವರೆಗೆ ಇದೇ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ರೋಮಿನ ರೆಬೆಕ್ಕಾ ಅಷ್ಟು ವೆಚ್ಚದಲ್ಲಿ ಸಮುದ್ರ ದಾಟಿ ಬಂದಳು. ಕಲ್ಯಾಣದ ದ್ವಾರಪಾಲಕ ತನ್ನ ಮನೆಗೆ ಬರಲೇ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಕೊಳ್ಳುವ ಶ್ರೀಮಂತರು ಸಮುದ್ರದಾಚೆ ಹೆಚ್ಚಿದರು. ತಂಜಾವೂರು ಸೀಮೆಯ ಶಿವಪುರದ ಕಂಚಿನ ನಟರಾಜನನ್ನು 1954ರಲ್ಲಿ ದುರಸ್ತಿಗೆಂದು ಕೊಟ್ಟರು. ಹಿಂದಕ್ಕೆ ಬಂದದ್ದು ಅದರ ಪಡಿಯಚ್ಚು. ನಿಜವಾದ ಮೂರ್ತಿ ಕೈಯಿಂದ ಕೈಗೆ ಹೋಗಿ, ಅಮೆರಿಕದ ಉದ್ಯಮಿ ನಾರ್ಟನ್ ಸೈಮನ್ ಅವರ ಬಳಿ ಸೇರುವ ಹೊತ್ತಿಗೆ ಅದರ ಬೆಲೆ ಸುಮಾರು ಹತ್ತು ಲಕ್ಷ ಡಾಲರ್. ಭಾರತ ಸರ್ಕಾರ ವ್ಯಾಜ್ಯ ಹೂಡಿತು. ರಾಜಿಯಾಗಿ 1986ರಲ್ಲಿ ನಟರಾಜ ತಿರುಗಿ ಬಂದ. ಅವನು ಯಾವ ಗುಡಿಯವನೆಂಬುದಕ್ಕೆ ದಾಖಲೆಯಿತ್ತು, ಛಾಯಾಚಿತ್ರವಿತ್ತು, ಆದ್ದರಿಂದ ಬಂದ. ಹೊಲದ ಬದುವಿನ ವೀರಗಲ್ಲಿಗೆ ಛಾಯಾಚಿತ್ರ ಯಾರು ತೆಗೆದಿದ್ದಾರೆ?

1972ರಲ್ಲಿ ಆದ ಪುರಾತನ ವಸ್ತುಗಳ ಕಾಯಿದೆ 1976ರಿಂದ ಜಾರಿಗೆ ಬಂತು. ನೂರು ವರ್ಷ ಮೀರಿದ ಶಿಲ್ಪವನ್ನು ಮನೆಯಲ್ಲಿಟ್ಟುಕೊಂಡವರು ಅದನ್ನು ನೋಂದಣಿ ಮಾಡಿಸಬೇಕು, ಮಾರುವವರು ಪರವಾನಗಿ ಪಡೆಯಬೇಕು, ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಕಾಯಿದೆ ಒಳ್ಳೆಯದೇ. ಆದರೆ ಕಲ್ಲು ಊರಿನಲ್ಲಿ ನಿಂತಿರುವಷ್ಟು ದಿನ ಅದರ ಬೆಲೆ ನಮಗೇ ಗೊತ್ತಿರುವುದಿಲ್ಲ. ಬಟ್ಟೆ ಒಗೆಯುವ ಬಂಡೆಯಾಗಿ, ಕಾಲುವೆಗೆ ಅಡ್ಡ ಹಾಸಿದ ಚಪ್ಪಡಿಯಾಗಿ ಅದನ್ನು ನಾವೇ ಬಳಸುತ್ತೇವೆ. ಒಬ್ಬ ಬಂದು ಇನ್ನೂರು ರೂಪಾಯಿ ಕೊಟ್ಟರೆ "ಒಯ್ಯಪ್ಪ, ಜಾಗ ಖಾಲಿಯಾಯಿತು" ಎನ್ನುತ್ತೇವೆ. ಶಿವಮೊಗ್ಗದಲ್ಲಿ ಶಿವಪ್ಪನಾಯಕನ ಅರಮನೆ ಎಂದು ಹೆಸರಾದ ಕಟ್ಟಡದ ಅಂಗಳದಲ್ಲಿ ಸುತ್ತಣ ಸೀಮೆಯಿಂದ ತಂದ ಶಿಲ್ಪಗಳನ್ನು ಸರ್ಕಾರದವರು ನಿಲ್ಲಿಸಿದ್ದಾರೆ. ಹೋದಾಗ ಮೂರ್ತಿಯ ಮುಖವನ್ನು ನೋಡುವ ಮೊದಲು ಬುಡದ ಫಲಕದಲ್ಲಿ ಊರಿನ ಹೆಸರನ್ನು ಹುಡುಕುವುದು ಈಗ ನನಗೆ ಅಭ್ಯಾಸವಾಗಿಬಿಟ್ಟಿದೆ.

ಹೂದೋಟದ ಯಜಮಾನರಿಗೆ ಇವೆಲ್ಲವನ್ನೂ ಒಂದು ಸಂಜೆ ಹೇಳಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. ನೋಂದಣಿಯ ವಿಷಯ ವಿಚಾರಿಸಿದರು. ಮರುವಾರ ಒಬ್ಬ ಕಲ್ಲುಕುಟಿಗನನ್ನು ಕರೆಸಿ ಸಿಮೆಂಟನ್ನು ಮೆಲ್ಲಗೆ ಬಿಡಿಸಿದರು, ನಾನೂ ಹೋಗಿದ್ದೆ. ಅಕ್ಷರಗಳ ಪಟ್ಟಿಯಲ್ಲಿ ಎಡಗಡೆ ನಾಲ್ಕಾರು ಅಕ್ಷರಗಳು ಉಳಿದಿದ್ದುವು. ಬಲಗಡೆ, ಊರಿನ ಹೆಸರು ಇರಬೇಕಾದ ಕಡೆ, ಕಲ್ಲು ಲಾರಿಗೆ ಹತ್ತಿಸುವಾಗಲೋ ಇಳಿಸುವಾಗಲೋ ಚಕ್ಕೆ ಎದ್ದುಹೋಗಿತ್ತು. ರೈಸ್ ಅವರ ಸಂಪುಟದಲ್ಲಿ ಹೊನ್ನಾಳಿ ತಾಲ್ಲೂಕಿನ ಪುಟಗಳನ್ನು ತಿರುವಿ ಉಳಿದ ಅಕ್ಷರಗಳಿಗೆ ಹೊಂದುವ ಕಲ್ಲನ್ನು ಹುಡುಕಿದೆವು, ಸಿಗಲಿಲ್ಲ. ಯಜಮಾನರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ, "ಹಿಂದಕ್ಕೆ ಕಳುಹಿಸಿಕೊಡೋಣ ಎಂದೇ ಇದ್ದೆ. ಲಾರಿಯವನಿಗೆ ಯಾವ ಊರು ಎಂದು ಹೇಳಲಿ?" ಎಂದು ಕೇಳಿದರು.